ಅಹಿಫೇನವೂ ರಾಜಶಾಸನವೂ

೧. ಪ್ರಸ್ತಾವನೆ

ಸಂಸ್ಕೃತದಲ್ಲಿ ಅಹಿಫೇನವೆಂದೂ ಕನ್ನಡದ ರೂಢಿಯಲ್ಲಿ ಅಫೀಮು ಎಂದೂ ಹೆಸರಾಗಿರುವ ದ್ರವ್ಯವನ್ನು ಕುರಿತು ನಮ್ಮ ದೇಶದ ಸರ್ಕಾರಗಳು ಸುಮಾರು ಎರಡೂವರೆ ಶತಮಾನಗಳಿಂದ ಒಂದಾದಮೇಲೊಂದು ಕಟ್ಟಳೆಯನ್ನು ಮಾಡುತ್ತ ಬಂದಿರುವುವು. ಈ ಕಟ್ಟಳೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಮೂರು ದೃಷ್ಟಿಗಳಿಂದ ಬರೆದಿರುವರು. ಬೊಕ್ಕಸಕ್ಕೆ ಬಂದ ಆದಾಯವೆಷ್ಟು, ಚೀನಾ ದೇಶದೊಡನೆ ನಡೆದ ವ್ಯಾಪಾರವೂ ಯುದ್ಧವೂ ಎಂತಹವು, ವ್ಯಸನಕ್ಕೆ ಸಿಕ್ಕಿದವರ ಗತಿ ಏನಾಯಿತು ಎಂಬುವೇ ಆ ಮೂರು. ಇವೆಲ್ಲವೂ ವಿಚಾರಾರ್ಹವಾದುವೇ. ಆದರೆ ಈ ಚರಿತ್ರೆಯಲ್ಲಿ ನಾಲ್ಕನೆಯವನೊಬ್ಬನುಂಟು; ಅವನು ಹಾಸಿಗೆ ಹಿಡಿದು ನೋವಿನಿಂದ ನರಳುವ ರೋಗಿ. ಒಂದೊಂದು ಶಾಸನವೂ ಅವನಿಗೆ ಏನು ಮಾಡಿತು ಎಂಬ ಪ್ರಶ್ನೆಯನ್ನು ಎತ್ತಿಕೊಂಡು ಕೆಲವು ಸಂಗತಿಗಳನ್ನು ಇಲ್ಲಿ ಕ್ರಮವಾಗಿ ನಿರೂಪಿಸಲಾಗುವುದು.

ಈ ಪ್ರಶ್ನೆಯನ್ನು ಎತ್ತುವುದಕ್ಕೆ ವಿಶೇಷ ಕಾರಣವಿರುವುದು. ಅಫೀಮಿನ ಸಾರವಾದ ಮಾರ್ಫಿನ್ ಎಂಬುದು, ಕ್ಯಾನ್ಸರ್ ಎಂದು ಈಗ ಹೆಸರಾಗಿರುವ ಅರ್ಬುದವೇ ಮೊದಲಾದ ರೋಗಗಳ ದಾರುಣವೇದನೆಯನ್ನು ತಗ್ಗಿಸುವ ಔಷಧಗಳಲ್ಲಿ ಅಗ್ರಗಣ್ಯವಾದುದು; ಬೆಲೆಯಲ್ಲಿಯೂ ಅಗ್ಗವಾದುದು. ಭಾರತವಾದರೋ ಅಫೀಮನ್ನು ಶಾಸನಸಮ್ಮತವಾಗಿಯೇ ಬೆಳೆದು ಹೊರದೇಶಗಳ ಔಷಧಶಾಲೆಗಳಿಗೆ ಕಳುಹಿಸುತ್ತ ಬಂದ ದೇಶ. ಹೀಗಿದ್ದೂ ಈ ದೇಶದ ರೋಗಿಗೇ ಆ ಔಷಧವು ದುರ್ಲಭವಾಯಿತು. ಬೆಳೆಯ ಕೊರತೆಯಿಂದಲೋ ಹಣದ ಕೊರತೆಯಿಂದಲೋ ಹೀಗಾಯಿತೆನ್ನುವಂತಿಲ್ಲ. ಶಾಸನವು ದ್ರವ್ಯವನ್ನು ಮಾತ್ರ ನೋಡಿ ಅದರ ಪ್ರಯೋಗವನ್ನು ನೋಡದೆ ಹೋದುದೇ ಇದಕ್ಕೆ ಮುಖ್ಯ ಕಾರಣವೆಂಬುದು ಈ ಲೇಖನದ ಪ್ರತಿಜ್ಞೆ.

೨. ಹೆಸರಿನ ವಿಚಾರ ಮತ್ತು ವೈದ್ಯಶಾಸ್ತ್ರದ ನಿಲುವು

ಅಹಿಫೇನವೆಂಬ ಶಬ್ದಕ್ಕೆ ಹಾವಿನ ನೊರೆ ಎಂದು ಅಕ್ಷರಾರ್ಥ. ಗಸಗಸೆಯ ಕಾಯನ್ನು ಗೀರಿದಾಗ ಒಸರುವ ಹಾಲಿಗೂ ಹಾವಿಗೂ ಸಂಬಂಧವೇನು ಎಂದು ಕೋಶವನ್ನು ನೋಡುವವರಿಗೆ ಸಂದೇಹವುಂಟಾಗುವುದು ಸಹಜ. ವಸ್ತುತಃ ಇದು ಧ್ವನಿಸಾಮ್ಯದಿಂದ ಹುಟ್ಟಿದ ಸಂಸ್ಕೃತೀಕರಣ. ಗಿಡದ ರಸವೆಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದ ಓಪಿಯನ್ ಎಂಬುದು ಬಂದು, ಅದು ಅರಬ್ಬಿಯಲ್ಲಿ ಅಫ್ಯೂನ್ ಆಯಿತು. ಅರಬ್ಬಿಯ ಶಬ್ದವೇ ಸಂಸ್ಕೃತದ ಪಂಡಿತರ ಬಾಯಲ್ಲಿ ಅಹಿಫೇನವೆಂದೂ, ಆಫೂಕವೆಂದೂ, ನಾಗಫೇನವೆಂದೂ ರೂಪಾಂತರಗೊಂಡಿತು. ಹಿಂದೂಸ್ತಾನಿಯ ಅಫೀಮ್ ಎಂಬುದರಿಂದ ನಮ್ಮ ಅಫೀಮು ಬಂದಿರುವುದು. ಪಾರಸಿಯ ಖಶ್‌ಖಾಶ್ ಎಂಬ ಶಬ್ದವು ಕನ್ನಡದಲ್ಲಿ ಗಸಗಸೆಯಾಗಿ ಹಬ್ಬದ ಪಾಯಸಕ್ಕೆ ಇಳಿಯಿತು. ಒಂದೇ ಗಿಡದ ಬೀಜವು ಅಡಿಗೆಯ ಮನೆಯನ್ನೂ ಹಾಲು ವೈದ್ಯಶಾಲೆಯನ್ನೂ ಸೇರಿದುವು. ಇಂದಿನ ಶಾಸನವೂ ಬೀಜವನ್ನು ನಿಷೇಧದಿಂದ ಹೊರಗಿಟ್ಟಿರುವುದು.

ಶಬ್ದವು ಹೊರಗಿನಿಂದ ಬಂದಂತೆ ದ್ರವ್ಯಪ್ರಯೋಗವೂ ಹೊರಗಿನಿಂದಲೇ ಬಂದಿತೆಂದು ತೋರುತ್ತದೆ. ಚರಕಸುಶ್ರುತಸಂಹಿತೆಗಳಲ್ಲಿ ಅಹಿಫೇನದ ಹೆಸರಿಲ್ಲ. ಹದಿಮೂರು ಹದಿನಾಲ್ಕನೆಯ ಶತಮಾನಗಳದೆಂದು ಗಣಿಸಲ್ಪಡುವ ಶಾರ್ಙ್ಗಧರಸಂಹಿತೆಯಲ್ಲಿ ಅದು ಸ್ಪಷ್ಟವಾಗಿ ಕಾಣಬರುತ್ತದೆ. ಜೀರ್ಣವಾಗುವುದಕ್ಕೆ ಮುಂಚೆಯೇ ಶರೀರವನ್ನೆಲ್ಲ ವ್ಯಾಪಿಸುವ ದ್ರವ್ಯಕ್ಕೆ ವ್ಯವಾಯಿ ಎಂಬ ಸಂಜ್ಞೆಯನ್ನು ಕೊಟ್ಟು, ಶಾರ್ಙ್ಗಧರನು ಭಂಗಿಯನ್ನೂ ಅಹಿಫೇನವನ್ನೂ ಅದಕ್ಕೆ ಉದಾಹರಿಸಿರುತ್ತಾನೆ. ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಇದರ ಗುಣಗಳು ಹೇಳಲ್ಪಟ್ಟಿವೆ. ಅತಿಸಾರಕ್ಕೆ ಪ್ರಸಿದ್ಧವಾದ ಕರ್ಪೂರರಸವೇ ಮೊದಲಾದ ಯೋಗಗಳಲ್ಲಿ ಇದು ಸೇರಿರುವುದು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಪರದೇಶದಿಂದ ಬಂದುದೆಂದಾಗಲಿ ವಿಷವೆಂದಾಗಲಿ ಶಾಸ್ತ್ರವು ಈ ದ್ರವ್ಯವನ್ನು ಬಹಿಷ್ಕರಿಸಲಿಲ್ಲ. ಉಪವಿಷಗಳ ವರ್ಗದಲ್ಲಿ ಇದನ್ನು ಎಣಿಸಿ, ಶುಂಠಿಯ ರಸದ ಭಾವನೆಯಿಂದ ಶೋಧನವನ್ನು ವಿಧಿಸಿ, ಮಾತ್ರೆಯನ್ನು ಗೊತ್ತುಮಾಡಿ, ಬಲ್ಲ ವೈದ್ಯನ ಕೈಗೆ ಒಪ್ಪಿಸಿತು. ಅಂತೂ ಶೋಧನ, ಮಾತ್ರೆ, ಅನುಪಾನ, ಅಧಿಕಾರಿ ಎಂಬ ನಾಲ್ಕು ಕಟ್ಟುಗಳಿಂದ ಅದನ್ನು ಒಳಗೆ ಬರಮಾಡಿಕೊಂಡಿತು. ದ್ರವ್ಯವು ವಿಷವೋ ಔಷಧವೋ ಎಂಬುದು ಯೋಜಿಸುವವನ ಯುಕ್ತಿಯನ್ನು ಅವಲಂಬಿಸಿದೆಯೆಂಬ ತತ್ತ್ವವನ್ನು ಚರಕಸಂಹಿತೆಯ ಮೊದಲನೆಯ ಅಧ್ಯಾಯವೇ ಸ್ಥಾಪಿಸಿರುವುದು. ವಿಷವನ್ನು ವೈದ್ಯಕ್ಕೆ ಅಧೀನವಾದ ವಿಷಯವಾಗಿ ವಿಚಾರಿಸುವ ಸಂಪ್ರದಾಯವು ಕನ್ನಡಕ್ಕೂ ಹೊಸದಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ಆದ್ಯಂತವೂ ವಿಷಚಿಕಿತ್ಸೆಯ ಗ್ರಂಥವಾಗಿರುವುದನ್ನು ಸಾಹಿತ್ಯಾಭ್ಯಾಸಿಗಳು ಬಲ್ಲರು.

ವೇದನೆಯನ್ನು ಶಮನಮಾಡುವುದು ವೈದ್ಯನ ಕರ್ತವ್ಯವೆಂಬುದೂ ಶಾಸ್ತ್ರಸಮ್ಮತವಾದುದೇ. ಶಸ್ತ್ರಕರ್ಮಕ್ಕೆ ಮೊದಲು, ನೋವನ್ನು ತಡೆಯಲಾರದ ರೋಗಿಗೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದು ಸುಶ್ರುತವು ವಿಧಿಸುತ್ತದೆ. ಗುಣವಾಗದೆಯೂ ಚಿಕಿತ್ಸೆಯಿಂದ ತಡೆದು ನಿಲ್ಲಿಸಬಹುದಾದ ವ್ಯಾಧಿಗೆ ಯಾಪ್ಯವೆಂದು ಹೆಸರು. ಬೀಳಲಿರುವ ಮನೆಗೆ ಊರೆಗಂಬವನ್ನು ಕೊಟ್ಟಂತೆ ಅಲ್ಲಿ ಚಿಕಿತ್ಸೆಯೆಂದು ಆ ಸಂಹಿತೆಯ ದೃಷ್ಟಾಂತ. ಆದರೆ ಯಾಪ್ಯವೂ ಅಲ್ಲದ ಅಸಾಧ್ಯವ್ಯಾಧಿಯಲ್ಲಿ ವೈದ್ಯನು ಹಿಂದೆಗೆಯಬೇಕೆಂದೇ ಪ್ರಾಚೀನರ ಸಾಮಾನ್ಯವಾದ ಮತ. ಅಸಾಧ್ಯರೋಗಿಯ ಬಳಿಯಲ್ಲಿಯೇ ವೈದ್ಯನು ನಿಲ್ಲತಕ್ಕದ್ದೆಂಬುದು ಈ ಕಾಲದ ಉಪಶಮನಚಿಕಿತ್ಸೆಯ ವಿಶೇಷ. ಈ ಒಂದು ವಿಷಯದಲ್ಲಿ ಹೊಸಬರು ಹಳಬರಿಗಿಂತ ಮುಂದೆ ಹೋಗಿರುವರೆಂದು ಒಪ್ಪಿಕೊಳ್ಳುವುದರಿಂದ ಶಾಸ್ತ್ರಗೌರವಕ್ಕೆ ಹಾನಿಯಿಲ್ಲ.

೩. ಪ್ರಾಚೀನ ರಾಜನೀತಿಯ ದೃಷ್ಟಿ

ಮಾದಕದ್ರವ್ಯಗಳ ಮೇಲೆ ರಾಜನ ಹತೋಟಿಯು ಹೊಸದೇನೂ ಅಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ದೊರೆತ ಓಲೆಯ ಪ್ರತಿಯಿಂದ ಮಹಾಮಹೋಪಾಧ್ಯಾಯ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಪ್ರಕರಣವೊಂದಿರುವುದು. ಮದ್ಯವನ್ನು ಎಲ್ಲಿ ಮಾರಬೇಕು, ಯಾರಿಗೆ ಎಷ್ಟು ಕೊಡಬೇಕು, ಅತಿಕ್ರಮಿಸಿದವರಿಗೆ ದಂಡವೆಷ್ಟು ಎಂಬುದನ್ನೆಲ್ಲ ಅಲ್ಲಿ ಬಹು ಕಟ್ಟುನಿಟ್ಟಾಗಿ ಹೇಳಿದೆ. ಆದರೆ ಒಂದೊಂದು ರೋಗಕ್ಕೆ ಯೋಗ್ಯವಾದ ಅರಿಷ್ಟಗಳ ಮಾತು ಬಂದಾಗ, ಅವುಗಳ ಪ್ರಮಾಣವನ್ನು ಚಿಕಿತ್ಸಕರಿಗೇ ಬಿಟ್ಟಿರುತ್ತದೆ. ಮದ್ಯವನ್ನು ಅಳೆಯುವ ಕೋಲು ಅಧ್ಯಕ್ಷನದು, ಔಷಧವನ್ನು ಅಳೆಯುವ ಕೋಲು ವೈದ್ಯನದು ಎಂಬ ವಿವೇಕವು ಇಷ್ಟು ಕಠೋರವಾದ ರಾಜನೀತಿಯಲ್ಲಿಯೂ ಉಳಿದಿತ್ತು.

ಧರ್ಮಶಾಸ್ತ್ರದಲ್ಲಿಯೂ ಇದೇ ನ್ಯಾಯವು ಕಾಣುತ್ತದೆ. ಮಿಥ್ಯಾಚಿಕಿತ್ಸೆಯನ್ನು ಮಾಡಿದ ವೈದ್ಯನಿಗೆ, ತಿರ್ಯಕ್ಕು, ಮನುಷ್ಯ, ರಾಜಪುರುಷ ಎಂಬ ಭೇದದಿಂದ ಯಾಜ್ಞವಲ್ಕ್ಯಸ್ಮೃತಿಯು ದಂಡವನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಈ ಸ್ಮೃತಿಗೇ. ಇಲ್ಲಿ ದಂಡವು ಮಿಥ್ಯಾಚರಣೆಗೆ. ಔಷಧವನ್ನು ಇಟ್ಟುಕೊಂಡುದಕ್ಕೆ ಅಲ್ಲ. ಕರ್ಮವನ್ನು ನೋಡಿ ದಂಡಿಸುವ ಈ ನ್ಯಾಯಕ್ಕೂ, ದ್ರವ್ಯವನ್ನು ನೋಡಿ ದಂಡಿಸುವ ನ್ಯಾಯಕ್ಕೂ ಇರುವ ಅಂತರವನ್ನು ಮುಂದಿನ ಭಾಗಗಳಲ್ಲಿ ನೆನಪಿಟ್ಟುಕೊಳ್ಳಬೇಕು.

೪. ಬೊಕ್ಕಸದ ಕಾಲ: ೧೭೭೩ ರಿಂದ ೧೯೩೦

ಗೋವೆಯಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯನಾದ ಗಾರ್ಸಿಯಾ ದ ಓರ್ತನು ೧೫೬೩ರಲ್ಲಿ ಅಚ್ಚುಹಾಕಿಸಿದ ಔಷಧಗ್ರಂಥದಲ್ಲಿ ಅಫೀಮಿನ ವಿವರಣೆಯುಂಟು. ಆ ಕಾಲಕ್ಕೇ ಅದು ಪಶ್ಚಿಮ ಕರಾವಳಿಯ ವ್ಯಾಪಾರದ ಸರಕಾಗಿತ್ತು. ಆದರೆ ಸರ್ಕಾರವೇ ಅದರ ವರ್ತಕನಾದುದು ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಆಳ್ವಿಕೆಯಿಂದ. ೧೭೭೩ರಲ್ಲಿ ವಾರನ್ ಹೇಸ್ಟಿಂಗ್ಸನು ಬಂಗಾಳ ಬಿಹಾರಗಳ ಅಫೀಮಿನ ಏಕಸ್ವಾಮ್ಯವನ್ನು ಕಂಪೆನಿಗೆ ಸೇರಿಸಿದನು. ಮೊದಲು ಗುತ್ತಿಗೆಯಿಂದಲೂ, ೧೭೯೭ರಿಂದ ಸರ್ಕಾರದ ಏಜಂಟರ ಮೂಲಕ ನೇರವಾಗಿಯೂ ಈ ಕಾರ್ಯವು ನಡೆಯಿತು. ರೈತರಿಗೆ ಮುಂಗಡ ಹಣವನ್ನು ಕೊಟ್ಟು ಬೆಳೆಯಿಸಿ, ಹಾಲನ್ನೆಲ್ಲ ಸರ್ಕಾರವೇ ಕೊಂಡು, ಕಾರ್ಖಾನೆಯಲ್ಲಿ ಹದಮಾಡಿಸಿ, ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿದ್ದರು. ೧೮೨೦ರಲ್ಲಿ ಸ್ಥಾಪಿತವಾದ ಗಾಜೀಪುರದ ಕಾರ್ಖಾನೆಯು ಇಂದಿಗೂ ಸರ್ಕಾರದ ಅಫೀಮು ಕಾರ್ಖಾನೆಯಾಗಿ ಉಳಿದಿರುವುದು.

೧೮೫೭ರ ಹದಿಮೂರನೆಯ ಶಾಸನವು ಬೆಳೆಯನ್ನೂ, ೧೮೭೮ರ ಮೊದಲನೆಯ ಶಾಸನವು ಇಟ್ಟುಕೊಳ್ಳುವುದು, ಸಾಗಿಸುವುದು, ಮಾರುವುದು ಇವುಗಳನ್ನೂ ಕಟ್ಟುಪಡಿಸಿದುವು. ಈ ಕಟ್ಟಳೆಗಳ ಜೀವವು ಆದಾಯರಕ್ಷಣೆಯಲ್ಲಿತ್ತು. ಸರ್ಕಾರದ ಮೂಲಕ ಬಾರದ ಅಫೀಮು ಕಳ್ಳಮಾಲು. ಸರ್ಕಾರದ ಮೂಲಕ ಬಂದುದನ್ನು ಲೈಸೆನ್ಸು ಪಡೆದ ಅಂಗಡಿಯಲ್ಲಿ ಯಾರಾದರೂ ಕೊಳ್ಳಬಹುದು. ಹೀಗಾಗಿ ಆ ಕಾಲದ ರೋಗಿಗೆ ಅಫೀಮು ದೊರೆಯದೆ ಇರಲಿಲ್ಲ. ಜ್ವರ, ಅತಿಸಾರ, ಸಂಧಿವಾತಗಳಿಗೆ ಜನರು ತಾವೇ ತಂದು ನುಂಗುತ್ತಿದ್ದರು. ಮುಂಬಯಿ ಪ್ರಾಂತದಲ್ಲಿ ಕೂಲಿಗೆ ಹೋಗುವ ತಾಯಂದಿರು ಹಸುಮಕ್ಕಳನ್ನು ಮಲಗಿಸುವುದಕ್ಕೆ ಬಾಲಗೋಲಿ ಎಂಬ ಅಫೀಮಿನ ಗುಳಿಗೆಯನ್ನು ಕೊಡುವ ವಾಡಿಕೆಯೂ ಇತ್ತು. ದ್ರವ್ಯವು ಕೈಗೆ ಎಟುಕಿತು. ಶೋಧನ, ಮಾತ್ರೆ, ಅಧಿಕಾರಿ ಎಂಬ ಕಟ್ಟುಗಳು ಕಳಚಿಹೋದುವು. ಶಾಸ್ತ್ರವು ವೈದ್ಯನಿಗೆ ಕೊಟ್ಟಿದ್ದ ಸ್ಥಾನವನ್ನು ಅಂಗಡಿಯವನು ಪಡೆದನು.

ಇಂಗ್ಲೆಂಡಿನಲ್ಲಿ ಅಫೀಮಿನ ವಿರೋಧಿಗಳ ಒತ್ತಾಯದಿಂದ ೧೮೯೩ರಲ್ಲಿ ಒಂದು ರಾಜಕೀಯ ಕಮಿಷನ್ನು ನೇಮಕವಾಯಿತು. ಲಾರ್ಡ್ ಬ್ರಾಸೀಯು ಅದರ ಅಧ್ಯಕ್ಷನು. ದರ್ಭಂಗದ ಮಹಾರಾಜರೂ ಹರಿದಾಸ ವಿಹಾರಿದಾಸ ದೇಸಾಯಿಯವರೂ ಅದರಲ್ಲಿದ್ದ ಭಾರತೀಯ ಸದಸ್ಯರು. ೧೮೯೫ರ ವರದಿಯಲ್ಲಿ ಬಹುಮತದವರು, ಅಫೀಮು ಜನರ ಮನೆಮದ್ದಾಗಿದೆಯೆಂದೂ ನಿಷೇಧವು ಬೇಡವೆಂದೂ ನಿರ್ಣಯಿಸಿದರು. ಹೆನ್ರಿ ವಿಲ್ಸನ್ ಎಂಬ ಸದಸ್ಯನು ಭಿನ್ನಮತವನ್ನು ಬರೆದನು. ಈ ವಾದದಲ್ಲಿ ಒಂದು ಕೌತುಕವುಂಟು. ರೋಗಿಯ ಹೆಸರು ಅಲ್ಲಿ ಪದೇ ಪದೇ ಬರುವುದು. ಆದರೆ ರೋಗಿಗೆ ಬೇಕಾದ ವೈದ್ಯರನ್ನೂ ಔಷಧಶಾಲೆಗಳನ್ನೂ ಒದಗಿಸುವ ಹೊಣೆಯು ಆ ನಿರ್ಣಯದಿಂದ ಸರ್ಕಾರದ ಮೇಲೆ ಬೀಳಲಿಲ್ಲ. ಆದಾಯದ ವ್ಯವಸ್ಥೆಯು ಮಾತ್ರ ಮೊದಲಿನಂತೆಯೇ ಉಳಿಯಿತು. ರೋಗಿಯು ಅಲ್ಲಿ ಸಾಕ್ಷಿಯಾಗಿ ಕರೆಯಲ್ಪಟ್ಟನು, ಫಲಭಾಗಿಯಾಗಲಿಲ್ಲ.

೫. ನಿಯಂತ್ರಣದ ಕಾಲ: ೧೯೩೦ ರಿಂದ ೧೯೮೫

ಇಷ್ಟರೊಳಗೆ ವೈದ್ಯವಿದ್ಯೆಯಲ್ಲಿ ಬಹಳ ಬದಲಾವಣೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲಿನಲ್ಲಿಯೇ ಸೆರ್ಟ್ಯೂರ್ನರ್ ಎಂಬ ಜರ್ಮನಿಯ ಔಷಧಕಾರನು ಅಫೀಮಿನಿಂದ ಮಾರ್ಫಿನ್ನನ್ನು ಬೇರ್ಪಡಿಸಿದ್ದನು. ಹಾಲಿನ ಮಾತ್ರೆಯು ಗಿಡದಿಂದ ಗಿಡಕ್ಕೆ ವ್ಯತ್ಯಾಸವಾಗುವುದು. ಸಾರದ ಮಾತ್ರೆಯನ್ನಾದರೋ ತೂಕದಿಂದ ನಿಶ್ಚಯಿಸಬಹುದು. ಪ್ರಾಚೀನರು ಶೋಧನದಿಂದ ಪಡೆಯಲೆಳಸಿದ ಮಾತ್ರಾನಿಶ್ಚಯವು ಇದರಿಂದ ಕೈಗೂಡಿತು. ಜೊತೆಗೆ ದುರ್ಬಳಕೆಯ ಅಪಾಯವೂ ಹೆಚ್ಚಿತು. ೧೯೧೨ರ ಹೇಗ್ ಒಪ್ಪಂದವೂ ೧೯೨೫ರ ಜಿನೀವಾ ಒಪ್ಪಂದವೂ ಇದನ್ನು ಹತೋಟಿಗೆ ತರುವುದಕ್ಕಾಗಿ ಆದುವು. ಅವುಗಳಿಗೆ ಅನುಸಾರವಾಗಿ ಭಾರತದಲ್ಲಿ ೧೯೩೦ರ ಅಪಾಯಕರ ಔಷಧಗಳ ಶಾಸನವು ಹುಟ್ಟಿತು.

ಸ್ವಾತಂತ್ರ್ಯಾನಂತರದಲ್ಲಿ ಸರ್ಕಾರವು ಅಫೀಮಿನ ಆದಾಯವನ್ನು ಬಿಡುವುದಕ್ಕೆ ಸಿದ್ಧವಾದುದು ಶ್ಲಾಘ್ಯವಾದ ಸಂಗತಿ. ೧೯೪೯ರ ಅಖಿಲಭಾರತ ಅಫೀಮು ಸಮ್ಮೇಳನವು, ಔಷಧಾರ್ಥವಲ್ಲದ ಸೇವನೆಯನ್ನು ಹತ್ತು ವರ್ಷಗಳಲ್ಲಿ ನಿಲ್ಲಿಸಬೇಕೆಂದು ನಿಶ್ಚಯಿಸಿತು. ೧೯೫೯ರಲ್ಲಿ ಅಂಗಡಿಯ ಮಾರಾಟವು ಕೊನೆಗೊಂಡಿತು. ೧೯೫೦ರಲ್ಲಿ ಕೇಂದ್ರದ ನಾರ್ಕೋಟಿಕ್ಸ್ ಕಮಿಷನರ ಹುದ್ದೆಯು ಏರ್ಪಟ್ಟಿತು. ೧೯೬೧ರ ಅಂತರರಾಷ್ಟ್ರೀಯ ಏಕೈಕ ಒಪ್ಪಂದವು ಎರಡು ಕರ್ತವ್ಯಗಳನ್ನು ಜೊತೆಜೊತೆಯಾಗಿ ಹೇಳಿತು: ವ್ಯಸನವನ್ನು ತಡೆಯತಕ್ಕದ್ದು, ನೋವಿನ ಉಪಶಮನಕ್ಕೆ ಈ ಔಷಧಗಳು ಅನಿವಾರ್ಯವಾದುದರಿಂದ ಅವು ಸಾಕಷ್ಟು ದೊರೆಯುವಂತೆ ಮಾಡತಕ್ಕದ್ದು. ಮೊದಲನೆಯ ಕರ್ತವ್ಯಕ್ಕೆ ಪೋಲೀಸು, ಸುಂಕ, ಅಬಕಾರಿ ಎಂಬ ಇಲಾಖೆಗಳು ಇದ್ದುವು. ಎರಡನೆಯದಕ್ಕೆ ಹೊಣೆಗಾರರು ಯಾರೂ ಇರಲಿಲ್ಲ.

೬. ಭಯದ ಕಾಲ: ೧೯೮೫ರ ಶಾಸನ

೧೯೮೫ನೆಯ ಇಸವಿಯ ಮಾದಕದ್ರವ್ಯ ಮತ್ತು ಮನೋವಿಕಾರಿ ಪದಾರ್ಥಗಳ ಶಾಸನವು ಆ ವರ್ಷದ ನವೆಂಬರು ೧೪ರಿಂದ ಜಾರಿಗೆ ಬಂದು, ೧೮೫೭, ೧೮೭೮, ೧೯೩೦ರ ಶಾಸನಗಳ ಸ್ಥಾನದಲ್ಲಿ ನಿಂತಿತು. ಅಪರಾಧಕ್ಕೆ ಹತ್ತು ವರ್ಷಗಳ ಕಠಿನ ಸಜೆಯು ಕನಿಷ್ಠವೆಂದು ಅದರಲ್ಲಿ ವಿಧಿಸಲಾಯಿತು. ೧೯೮೯ರ ತಿದ್ದುಪಡಿಯು ಅದನ್ನು ಇನ್ನೂ ಬಿಗಿಮಾಡಿತು. ಪ್ರಮಾಣದ ತಾರತಮ್ಯವನ್ನು ನೋಡಿ ದಂಡವನ್ನು ವಿಧಿಸುವ ಕ್ರಮವು ಬಂದುದು ೨೦೦೧ರ ತಿದ್ದುಪಡಿಯಿಂದ.

ವೈದ್ಯಕಾರ್ಯಕ್ಕೂ ಶಾಸ್ತ್ರಾನ್ವೇಷಣೆಗೂ ಅವಕಾಶವುಂಟೆಂದು ಈ ಶಾಸನದ ಅಕ್ಷರವೇ ಹೇಳುತ್ತಿತ್ತೆಂಬುದನ್ನು ಮರೆಯಬಾರದು. ಅಕ್ಷರದಲ್ಲಿ ಇದ್ದ ಅನುಮತಿಯು ಆಚರಣೆಯಲ್ಲಿ ಇಲ್ಲವಾಯಿತು. ಹೇಗೆಂದರೆ, ಮಾರ್ಫಿನ್ನಿನಂತಹ ತಯಾರಾದ ಔಷಧಗಳನ್ನು ಇಟ್ಟುಕೊಳ್ಳುವುದು, ಸಾಗಿಸುವುದು, ಪ್ರಾಂತದಿಂದ ಪ್ರಾಂತಕ್ಕೆ ತರಿಸುವುದು ಇವುಗಳ ನಿಯಮಗಳನ್ನು ಮಾಡುವ ಅಧಿಕಾರವು ರಾಜ್ಯಸರ್ಕಾರಗಳಿಗೆ ಸೇರಿತು. ಒಂದೊಂದು ರಾಜ್ಯವೂ ಒಂದೊಂದು ಬಗೆಯ ನಿಯಮವನ್ನು ಮಾಡಿತು. ಆಸ್ಪತ್ರೆಯೊಂದು ನೆರೆಯ ರಾಜ್ಯದಿಂದ ಮಾರ್ಫಿನ್ ಗುಳಿಗೆಗಳನ್ನು ತರಿಸಬೇಕಾದರೆ, ಇಟ್ಟುಕೊಳ್ಳುವುದಕ್ಕೆ ಒಂದು ಲೈಸೆನ್ಸು, ತರಿಸುವುದಕ್ಕೆ ತನ್ನ ರಾಜ್ಯದ ಅನುಮತಿ, ಕಳುಹಿಸುವುದಕ್ಕೆ ಆ ರಾಜ್ಯದ ಅನುಮತಿ, ಸಾಗಾಣಿಕೆಗೆ ಮತ್ತೊಂದು ರಹದಾರಿ ಎಂದು ನಾಲ್ಕೈದು ಪತ್ರಗಳು ಬೇಕಾದುವು. ಇವೆಲ್ಲವೂ ಏಕಕಾಲದಲ್ಲಿ ಚಾಲ್ತಿಯಲ್ಲಿರಬೇಕು. ಕೊನೆಯ ಪತ್ರವು ಕೈಸೇರುವಷ್ಟರಲ್ಲಿ ಮೊದಲಿನದರ ಅವಧಿಯು ತೀರಿಹೋಗುತ್ತಿತ್ತು. ಲೆಕ್ಕದಲ್ಲಿ ಚಿಕ್ಕ ತಪ್ಪು ಬಂದರೂ ಸೆರೆಮನೆಯೆಂಬ ಭಯವು ಔಷಧದ ವ್ಯಾಪಾರಿಗಳನ್ನೂ ವೈದ್ಯರನ್ನೂ ಹಿಡಿದುಕೊಂಡಿತು. ಆಸ್ಪತ್ರೆಗಳು ತರಿಸುವುದನ್ನೇ ಬಿಟ್ಟುವು.

ಫಲವನ್ನು ಅಂಕೆಗಳೇ ಹೇಳುತ್ತವೆ. ೧೯೮೫ರಿಂದ ೧೯೯೭ರೊಳಗೆ ಭಾರತದಲ್ಲಿ ಔಷಧಾರ್ಥವಾದ ಮಾರ್ಫಿನ್ನಿನ ಬಳಕೆಯು ನೂರಕ್ಕೆ ೯೭ರಷ್ಟು ಇಳಿದು, ೧೯೯೭ರಲ್ಲಿ ಇಡೀ ದೇಶಕ್ಕೆ ಸುಮಾರು ೧೮ ಕಿಲೋಗ್ರಾಂ ಮಾತ್ರವಾಯಿತು. ಕ್ಯಾನ್ಸರಿನ ನೋವಿಗೆ ಬಾಯಿಯ ಮೂಲಕವೇ ಮಾರ್ಫಿನ್ನನ್ನು ಕೊಟ್ಟು ಮೂರು ಮೆಟ್ಟಿಲುಗಳ ಕ್ರಮದಲ್ಲಿ ಉಪಶಮನವನ್ನು ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದುದು ೧೯೮೬ರಲ್ಲಿ. ಲೋಕಕ್ಕೆ ವಿಧಾನವು ತಿಳಿದ ವರ್ಷಕ್ಕೆ ಹಿಂದಿನ ವರ್ಷವೇ ನಮ್ಮಲ್ಲಿ ಬಾಗಿಲು ಮುಚ್ಚಿತು. ಇನ್ನೊಂದು ಹಾನಿಯು ಅಂಕೆಗಳಲ್ಲಿ ಕಾಣದು. ಮಾರ್ಫಿನ್ ಇಲ್ಲದ ಆಸ್ಪತ್ರೆಗಳಲ್ಲಿ ಕಲಿತ ತರುಣವೈದ್ಯರು ಅದರ ಪ್ರಯೋಗವನ್ನು ಕಣ್ಣಿನಿಂದ ನೋಡದೆಯೇ ವೈದ್ಯರಾದರು. ಗುರುಮುಖದಿಂದ ಬರಬೇಕಾದ ವಿದ್ಯೆಯು ಒಂದು ತಲೆಮಾರು ತಪ್ಪಿದರೆ ಗ್ರಂಥದಲ್ಲಿ ಉಳಿದರೂ ಕೈಯಲ್ಲಿ ಉಳಿಯದು. ಓಲೆಯ ಗ್ರಂಥಗಳನ್ನು ಓದುವವರಿಗೆ ಈ ಮಾತನ್ನು ವಿವರಿಸಬೇಕಾದುದಿಲ್ಲ.

೭. ಪೂರ್ವಪಕ್ಷವೂ ಸಮಾಧಾನವೂ

ಇಲ್ಲಿ ಪೂರ್ವಪಕ್ಷವು ಹೀಗೆ ಏಳಬಹುದು: ಶಾಸನವು ಬಿಗಿಯಾಗದಿದ್ದರೆ ಔಷಧವು ವ್ಯಸನಿಗಳ ಪಾಲಾಗುವುದು. ಅಮೆರಿಕಾ ದೇಶದಲ್ಲಿ ೧೯೯೦ರ ದಶಕದ ಕೊನೆ ಮೊದಲ್ಗೊಂಡು ವೈದ್ಯರು ಇಂತಹ ಔಷಧಗಳನ್ನು ಧಾರಾಳವಾಗಿ ಬರೆದುಕೊಟ್ಟುದರಿಂದ ಅನೇಕರು ಮೃತರಾದುದೂ, ೨೦೧೭ರಲ್ಲಿ ಅಲ್ಲಿಯ ಸರ್ಕಾರವು ಇದನ್ನು ಸಾರ್ವಜನಿಕ ಆರೋಗ್ಯದ ತುರ್ತುಪರಿಸ್ಥಿತಿಯೆಂದು ಸಾರಿದುದೂ ಪ್ರಸಿದ್ಧವಲ್ಲವೆ? ಹೀಗಿರುವಲ್ಲಿ ಸ್ವಲ್ಪ ಜನ ರೋಗಿಗಳ ಕಷ್ಟಕ್ಕಾಗಿ ದೇಶವನ್ನೆಲ್ಲ ಅಪಾಯಕ್ಕೆ ಒಡ್ಡಬಹುದೆ?

ಈ ಆಕ್ಷೇಪವು ತಳ್ಳಿಹಾಕತಕ್ಕದ್ದಲ್ಲ. ಇದಕ್ಕೆ ಎರಡು ಸಮಾಧಾನಗಳನ್ನು ಹೇಳಬಹುದು. ಮೊದಲನೆಯದು ಪ್ರತ್ಯಕ್ಷಪ್ರಮಾಣ. ಕೇರಳದ ಕಲ್ಲಿಕೋಟೆಯಲ್ಲಿ ೧೯೯೩ರಲ್ಲಿ ಡಾಕ್ಟರ್ ಎಂ. ಆರ್. ರಾಜಗೋಪಾಲರೂ ಅವರ ಜೊತೆಗಾರರೂ ಉಪಶಮನಚಿಕಿತ್ಸೆಯ ಸಂಘವೊಂದನ್ನು ಸ್ಥಾಪಿಸಿ, ರೋಗಿಗಳಿಗೆ ಮಾರ್ಫಿನ್ ಗುಳಿಗೆಗಳನ್ನು ಮನೆಗೇ ಕೊಟ್ಟು ಕಳುಹಿಸುವ ಪದ್ಧತಿಯನ್ನು ನಡೆಸಿದರು. ಎರಡು ವರ್ಷಗಳಲ್ಲಿ ೧,೭೨೩ ರೋಗಿಗಳಿಗೆ ಹೀಗೆ ಕೊಟ್ಟ ಔಷಧದ ಲೆಕ್ಕವನ್ನು ಪರಿಶೋಧಿಸಿ ೨೦೦೧ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಲಾಯಿತು. ಔಷಧವು ದುರ್ಬಳಕೆಗೆ ಹರಿದುಹೋದ ಒಂದು ಪ್ರಸಂಗವೂ ಅದರಲ್ಲಿ ಕಂಡುಬರಲಿಲ್ಲ. ಬಲ್ಲ ವೈದ್ಯ, ನಿಯತವಾದ ಮಾತ್ರೆ, ಬರೆದಿಟ್ಟ ಲೆಕ್ಕ, ಮನೆಗೆ ಬಂದು ನೋಡುವ ಸೇವಕರು ಎಂಬ ಕಟ್ಟುಗಳು ಅಲ್ಲಿ ಇದ್ದುವು.

ಎರಡನೆಯದು ಶಾಸ್ತ್ರದೃಷ್ಟಿಯಿಂದ. ಅಯೋಗ, ಅತಿಯೋಗ, ಮಿಥ್ಯಾಯೋಗವೆಂದು ವಿಕಾರಕ್ಕೆ ಮೂರು ಹೇತುಗಳನ್ನು ಆಯುರ್ವೇದವು ಹೇಳುವುದು. ಅಮೆರಿಕೆಯಲ್ಲಿ ಆದುದು ಅತಿಯೋಗ. ಬೊಕ್ಕಸದ ಕಾಲದಲ್ಲಿ ಹಸುಮಕ್ಕಳಿಗೆ ಅಫೀಮನ್ನು ಕೊಟ್ಟುದು ಮಿಥ್ಯಾಯೋಗ. ೧೯೮೫ರ ಅನಂತರ ನಮ್ಮಲ್ಲಿ ಆದುದು ಅಯೋಗ. ಅತಿಯೋಗದ ಭಯದಿಂದ ಅಯೋಗವನ್ನು ಆಶ್ರಯಿಸುವುದು ಚಿಕಿತ್ಸೆಯೆನಿಸದು. ಒಂದು ವ್ಯಾಧಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದಂತೆ ಆಗುವುದು. ಬೇಕಾದುದು ಸಮಯೋಗ. ಅದು ದ್ರವ್ಯವನ್ನು ಎಣಿಸುವುದರಿಂದ ಸಿದ್ಧಿಸುವುದಿಲ್ಲ. ಕೊಡುವವನು ಯಾರು, ಯಾರಿಗೆ, ಏತಕ್ಕಾಗಿ, ಎಷ್ಟು ಎಂಬುದನ್ನು ನೋಡುವುದರಿಂದ ಸಿದ್ಧಿಸುವುದು. ಕೌಟಿಲ್ಯನು ಅರಿಷ್ಟಗಳನ್ನು ಚಿಕಿತ್ಸಕನಿಗೆ ಬಿಟ್ಟ ವಿವೇಕವೂ ಇದೇ.

೮. ದ್ವಾರವು ಮತ್ತೆ ತೆರೆದುದು

ಕೇಂದ್ರಸರ್ಕಾರದ ರೆವಿನ್ಯೂ ಇಲಾಖೆಯು ೧೯೯೮ರಲ್ಲಿ ಸರಳವಾದ ಮಾದರಿ ನಿಯಮವನ್ನು ರಾಜ್ಯಗಳಿಗೆ ಕಳುಹಿಸಿತು. ಕೆಲವು ರಾಜ್ಯಗಳು ಅದನ್ನು ಅಂಗೀಕರಿಸಿದುವು, ಅನೇಕವು ಸುಮ್ಮನಿದ್ದುವು. ಅಂಗೀಕರಿಸಿದ ರಾಜ್ಯಗಳೆಲ್ಲ ಒಂದೇ ಫಲವನ್ನು ಪಡೆಯಲಿಲ್ಲವೆಂಬುದು ಬೋಧಪ್ರದವಾದ ಸಂಗತಿ. ಪ್ರಯೋಗವನ್ನು ಬಲ್ಲ ವೈದ್ಯರೂ ಸಂಘಗಳೂ ಇದ್ದ ಕೇರಳದಲ್ಲಿ ನಿಯಮದ ತಿದ್ದುಪಡಿಯು ಫಲಿಸಿತು. ೨೦೦೮ರಲ್ಲಿ ಆ ರಾಜ್ಯವು ಉಪಶಮನಚಿಕಿತ್ಸೆಗೆ ಪ್ರತ್ಯೇಕವಾದ ನೀತಿಯನ್ನೇ ಘೋಷಿಸಿತು. ಅಂತಹ ಸಿದ್ಧತೆಯಿಲ್ಲದ ಕಡೆಗಳಲ್ಲಿ ತಿದ್ದಿದ ನಿಯಮವು ಕಾಗದದಲ್ಲಿಯೇ ಉಳಿಯಿತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ೨೦೦೯ರಲ್ಲಿ ಭಾರತದ ರೋಗಿಗಳ ವೇದನೆಯನ್ನು ಕುರಿತೇ ಒಂದು ವರದಿಯನ್ನು ಹೊರಡಿಸಿ, ನೋವಿನ ಉಪಶಮನವನ್ನು ಒದಗಿಸುವುದು ಸರ್ಕಾರದ ಹೊಣೆಯೆಂದು ವಾದಿಸಿತು.

೨೦೧೪ರ ಫೆಬ್ರವರಿಯಲ್ಲಿ ಪಾರ್ಲಿಮೆಂಟಿನ ಎರಡು ಸಭೆಗಳೂ ಮೂಲಶಾಸನಕ್ಕೆ ತಿದ್ದುಪಡಿಯನ್ನು ಒಪ್ಪಿದುವು. ಅತ್ಯಗತ್ಯ ಮಾದಕ ಔಷಧಗಳೆಂಬ ಹೊಸ ವರ್ಗವೊಂದನ್ನು ಇದು ಕಲ್ಪಿಸಿ, ಅವುಗಳ ನಿಯಮವನ್ನು ರಾಜ್ಯಗಳ ಕೈಯಿಂದ ಕೇಂದ್ರಕ್ಕೆ ತಂದು, ದೇಶಕ್ಕೆಲ್ಲ ಒಂದೇ ವಿಧಿಯನ್ನು ಏರ್ಪಡಿಸಿತು. ಮಾರ್ಫಿನ್, ಫೆಂಟಾನಿಲ್, ಮೆಥಡೋನ್, ಆಕ್ಸಿಕೋಡೋನ್, ಕೋಡೀನ್, ಹೈಡ್ರೋಕೋಡೋನ್ ಎಂಬ ಆರು ಔಷಧಗಳು ಈ ವರ್ಗಕ್ಕೆ ಸೇರಿದುವು. ಅಂಗೀಕೃತ ವೈದ್ಯಸಂಸ್ಥೆಯೊಂದು ರಾಜ್ಯದ ಔಷಧನಿಯಂತ್ರಕರೊಬ್ಬರ ಅನುಮತಿಯಿಂದಲೇ ಇವುಗಳನ್ನು ತರಿಸಿಕೊಳ್ಳಬಹುದು. ಪ್ರಯೋಗದಲ್ಲಿ ಶಿಕ್ಷಣ ಪಡೆದ ವೈದ್ಯನು ಅಲ್ಲಿರಬೇಕು. ಇದಕ್ಕಿಂತಲೂ ದೊಡ್ಡ ಸಂಗತಿಯೆಂದರೆ, ಮಾದಕದ್ರವ್ಯಗಳ ದುರುಪಯೋಗವನ್ನು ತಡೆಯುವುದರ ಜೊತೆಯಲ್ಲಿ ಅವುಗಳ ವೈದ್ಯೋಪಯೋಗವನ್ನು ಖಚಿತಪಡಿಸುವುದೂ ಸರ್ಕಾರದ ಕರ್ತವ್ಯವೆಂದು ಶಾಸನದಲ್ಲಿಯೇ ಬರೆದುದು. ೧೯೬೧ರ ಒಪ್ಪಂದದ ಎರಡನೆಯ ಕರ್ತವ್ಯಕ್ಕೆ ಐವತ್ತಮೂರು ವರ್ಷಗಳ ತರುವಾಯ ನಮ್ಮ ಶಾಸನದಲ್ಲಿ ಸ್ಥಳ ದೊರೆಯಿತು. ದ್ರವ್ಯದೃಷ್ಟಿಯು ಪ್ರಯೋಗದೃಷ್ಟಿಗೆ ಎಡೆಕೊಟ್ಟುದು ಇಲ್ಲಿಯೇ.

ಆದರೆ ತೆರೆದ ಬಾಗಿಲಿನಿಂದ ಔಷಧವು ತಾನೇ ನಡೆದು ರೋಗಿಯ ಹಾಸಿಗೆಗೆ ಬರುವುದಿಲ್ಲ. ೨೦೧೭ರ ಲ್ಯಾನ್ಸೆಟ್ ಸಮಿತಿಯ ಗಣನೆಯಂತೆ ಭಾರತದಲ್ಲಿ ವೇದನೋಪಶಮನಕ್ಕೆ ಬೇಕಾದ ಇಂತಹ ಔಷಧದಲ್ಲಿ ನೂರಕ್ಕೆ ೪ರಷ್ಟು ಮಾತ್ರ ಒದಗುತ್ತಿತ್ತು. ೨೦೧೮ರಲ್ಲಿ ಟ್ರಮಡೋಲ್ ಎಂಬ ಮತ್ತೊಂದು ವೇದನಾಹರ ಔಷಧವನ್ನು, ದುರ್ಬಳಕೆಯ ಕಾರಣದಿಂದ, ೧೯೮೫ರ ಶಾಸನದ ವ್ಯಾಪ್ತಿಗೆ ತರಲಾಯಿತು. ದುರ್ಬಳಕೆಯು ನಿಜವಾದುದೇ, ಆದರೆ ಮಾರ್ಫಿನ್ ದೊರೆಯದ ಊರುಗಳಲ್ಲಿ ರೋಗಿಗಳಿಗೆ ಆಸರೆಯಾಗಿದ್ದುದೂ ಇಂತಹ ಔಷಧವೇ. ಇಂತಹ ಪ್ರಸಂಗಗಳಲ್ಲಿ ಹಿಂದಿನ ಅನುಭವವನ್ನು ನೆನೆದು ಎರಡನ್ನೂ ತೂಗಬೇಕಾಗಿರುವುದು.

ಕರ್ನಾಟಕದಲ್ಲಿ ಈ ಕಾರ್ಯವು ಅಪರಿಚಿತವಾದುದಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು ೧೯೭೩ರಿಂದ ಕ್ಯಾನ್ಸರ್ ರೋಗಿಗಳ ಚಿಕಿತ್ಸೆಯಲ್ಲಿ ತೊಡಗಿರುವುದು. ೧೯೯೪ರಲ್ಲಿ ಏರ್ಪಟ್ಟ ಟ್ರಸ್ಟಿನ ಕರುಣಾಶ್ರಯವು ೧೯೯೯ರಿಂದ, ಗುಣವಾಗದ ಹಂತವನ್ನು ಮುಟ್ಟಿದ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿರುವುದು. ಅಸಾಧ್ಯವೆಂದು ಬಿಡಲ್ಪಟ್ಟವನ ಬಳಿಯಲ್ಲಿ ನಿಲ್ಲುವುದೇ ಇಂತಹ ಸಂಸ್ಥೆಗಳ ಧರ್ಮ.

೯. ಉಪಸಂಹಾರ

ಈವರೆಗಿನ ನಿರೂಪಣೆಯನ್ನು ಸಂಗ್ರಹಿಸಿದರೆ ಮೂರು ಅವಸ್ಥೆಗಳು ತೋರಿಬರುವುವು. ಶಾಸನವು ಅಫೀಮನ್ನು ಹಣವೆಂದು ನೋಡಿದಾಗ ರೋಗಿಗೆ ದ್ರವ್ಯವು ದೊರೆಯಿತು, ವೈದ್ಯವು ದೊರೆಯಲಿಲ್ಲ. ಅಪರಾಧವೆಂದು ನೋಡಿದಾಗ ವೈದ್ಯವಿದ್ದರೂ ದ್ರವ್ಯವು ದೊರೆಯಲಿಲ್ಲ. ಔಷಧವೆಂದು ನೋಡತೊಡಗಿದ ಮೇಲೆ ಎರಡೂ ಒಟ್ಟಿಗೆ ದೊರೆಯುವ ಸಂಭವವು ಉಂಟಾಯಿತು. ಈ ಸಂಭವವು ಸಿದ್ಧಿಯಾಗಬೇಕಾದರೆ ವೈದ್ಯಶಾಲೆಗಳಲ್ಲಿ ಪಾಠವೂ, ಜಿಲ್ಲೆಯ ಆಸ್ಪತ್ರೆಗಳಲ್ಲಿ ಔಷಧವೂ, ಅಧಿಕಾರಿಗಳಲ್ಲಿ ಅಭಯವೂ ಇರಬೇಕು.

ಭಾಷೆಯನ್ನು ಬೋಧಿಸುವವರಿಗೂ ಇಲ್ಲಿ ಕೆಲಸವುಂಟು. ಕನ್ನಡದಲ್ಲಿ ಅಫೀಮು ಎಂದೊಡನೆ ಅಮಲು, ವ್ಯಸನ, ಕಳ್ಳಸಾಗಾಣಿಕೆ ಎಂಬ ಅರ್ಥಗಳೇ ಮನಸ್ಸಿಗೆ ಹೊಳೆಯುವುವು. ಮಾರ್ಫಿನ್ ಕೊಡುವೆನೆಂದು ವೈದ್ಯನು ಹೇಳಿದಾಗ, ರೋಗಿಯ ಮನೆಯವರು ಅದನ್ನು ವ್ಯಸನದ ದ್ರವ್ಯವೆಂದೋ ಮರಣದ ಮುನ್ಸೂಚನೆಯೆಂದೋ ತಿಳಿದು ಬೇಡವೆನ್ನುವುದುಂಟು. ಶಾಸನದಲ್ಲಿ ಕಳೆದ ಭಯವು ಶಬ್ದದಲ್ಲಿ ಉಳಿದಿರುವುದು. ನಮ್ಮ ಕೋಶಗಳಲ್ಲಿಯೂ ಪಾಠಗಳಲ್ಲಿಯೂ ಮಾದಕವೆಂಬ ಅರ್ಥದ ಪಕ್ಕದಲ್ಲಿ ವೇದನಾಹರವೆಂಬ ಅರ್ಥವನ್ನೂ ಬರೆಯುವುದು ಸತ್ಯಕ್ಕೆ ಸಮೀಪವಾಗುವುದು; ಶಾರ್ಙ್ಗಧರನ ಕಾಲದಿಂದ ಈ ದ್ರವ್ಯಕ್ಕೆ ಔಷಧವೆಂಬ ಅರ್ಥವೂ ಇದ್ದೇ ಇರುವುದು. ಗುಣವಾಗದ ರೋಗದ ಆರೈಕೆಗೆ ಹೊಸ ಹೆಸರನ್ನು ಹುಡುಕುವವರು ಯಾಪ್ಯ, ಯಾಪನ ಎಂಬ ಹಳೆಯ ಶಬ್ದಗಳನ್ನೂ ಪರಿಶೀಲಿಸಬಹುದು. ಬೀಳುವ ಮನೆಗೆ ಊರೆಗಂಬವನ್ನು ಕೊಡುವ ಕೆಲಸವು ವೈದ್ಯನೊಬ್ಬನದೇ ಅಲ್ಲ. ಕಂಬವನ್ನು ತರುವ ದಾರಿಯನ್ನು ಬಿಡಿಸಿಕೊಡುವುದು ಅರಸನದು, ಅದು ಕಂಬವೇ ಹೊರತು ಕೊಳ್ಳಿಯಲ್ಲವೆಂದು ಮನೆಯವರಿಗೆ ತಿಳಿಹೇಳುವುದು ಬಲ್ಲವರೆಲ್ಲರದು.